ಪವರ್ ಸ್ಟೀರಿಂಗ್ ಪುಲ್ಲಿ ಕೂಗುತ್ತಿದೆಯಾ? ಬಿಚ್ಚುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಈಗ ಅಮೆರಿಕದಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ 2004ರ ಶೆವ್ರೊಲೆ ಸಿಲ್ವರಾಡೊ 1500 ತೆಗೆದುಕೊಂಡೆ, 5.3 ಲೀಟರ್ ವಿ8 ಎಂಜಿನ್. ಸ್ಟೀರಿಂಗ್ ಪಂಪ್ ಸೋರುತ್ತಿತ್ತು ಅಂತ ಇಲ್ಲಿನ ಒಂದು ಗ್ಯಾರೇಜಿನಲ್ಲಿ ಹೊಸ ಪಂಪ್ ಹಾಕಿಸಿದೆ. ಅವತ್ತಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮುಂದಿನಿಂದ ‘ಚಿಂವ್ ಚಿಂವ್’ ಅಂತ ಸದ್ದು. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಬೇಗಬೇಗ ಬರುತ್ತದೆ. ಗ್ಯಾರೇಜಿನವರು ಎರಡು ಸಲ ಬೆಲ್ಟ್ ಬದಲಾಯಿಸಿಕೊಟ್ಟರು. ಹೊಸ ಬೆಲ್ಟ್ ಸ್ವಲ್ಪ ದಿನ ಸುಮ್ಮನಿರುತ್ತದೆ, ಮತ್ತೆ ಶುರು. ಪಂಪಿನ ಪುಲ್ಲಿ ಸರಿಯಾಗಿ ಕೂತಿಲ್ಲ ಅಂತ ಸ್ನೇಹಿತರೊಬ್ಬರು ಹೇಳುತ್ತಾರೆ. ನಾನೇ ಬಿಚ್ಚಿ ಹಾಕಬಹುದಾ? ಪುಲ್ಲಿಯ ಮಧ್ಯೆ ನಟ್ಟೂ ಇಲ್ಲ, ಬೋಲ್ಟೂ ಇಲ್ಲ. ಬಿಚ್ಚುವುದಾದರೂ ಹೇಗೆ?

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಪಂಪ್ ಬದಲಾದ ದಿನದಿಂದಲೇ ಸದ್ದು ಶುರುವಾಗಿದೆ ಅಂದ ಮೇಲೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಎರಡು ಹೊಸ ಬೆಲ್ಟ್ ಹಾಕಿದರೂ ಸದ್ದು ವಾಪಸ್ ಬಂದಿದೆ. ಅಂದರೆ ಕೂಗುತ್ತಿರುವುದು ಬೆಲ್ಟೇ ಆದರೂ ಅದನ್ನು ಕೂಗಿಸುತ್ತಿರುವುದು ಬೇರೆ ಏನೋ ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಲ್ಲಿ ತಪ್ಪಾಗಿ ಕೂತಿದ್ದರೂ ಅದನ್ನು ಪೂರ್ತಿ ಬಿಚ್ಚಲೇಬೇಕು ಅಂತೇನಿಲ್ಲ. ನಿಮ್ಮಂಥ ಕೇಸುಗಳಲ್ಲಿ ಎಷ್ಟೋ ಸಲ ಒಂದೆರಡು ಮಿಲಿಮೀಟರ್ ಒಳಗೆ ಒತ್ತಿದರೆ ಸಾಕಾಗುತ್ತದೆ. ಬಿಚ್ಚಿದಷ್ಟೂ ಪುಲ್ಲಿಯ ಹಿಡಿತ ಕಡಿಮೆಯಾಗುತ್ತದೆ, ಹಾಗಾಗಿ ಬಿಚ್ಚದೆ ಆಗುವುದಾದರೆ ಬಿಚ್ಚಬೇಡಿ.

ನೀವೇ ಮಾಡಬಹುದಾ ಅಂದರೆ, ಮಾಡಬಹುದು. ಸರಿಯಾದ ಟೂಲ್ ಇರಬೇಕು, ಅವಸರ ಇರಬಾರದು. ಟೂಲ್ ಇಲ್ಲದೆ ಸುತ್ತಿಗೆ ಹಿಡಿದು ಹೋಗುವ ಯೋಚನೆ ಇದ್ದರೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸದ್ದು ಎಂಥದ್ದು ಅಂತ ತಿಳಿಯಬೇಕು. ಬೆಲ್ಟಿನ ಸದ್ದಿನಲ್ಲಿ ಎರಡು ಜಾತಿ. ಒಂದು, ನೀವು ಬರೆದಿರುವಂಥ ‘ಚಿಂವ್ ಚಿಂವ್’. ತುಂಡುತುಂಡಾಗಿ, ತಾಳ ಹಾಕಿದ ಹಾಗೆ ಬರುತ್ತದೆ, ಎಂಜಿನ್ ವೇಗ ಏರಿದರೆ ತಾಳವೂ ಏರುತ್ತದೆ. ಇದು ಸಾಮಾನ್ಯವಾಗಿ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲ ಅನ್ನುವುದರ ಗುರುತು. ಇನ್ನೊಂದು, ‘ಕಿರ್ರ್ರ್’ ಅಂತ ಉದ್ದಕ್ಕೆ ಎಳೆಯುವ ಕಿರುಚು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಏಸಿ ಹಾಕಿದಾಗ, ಅಂದರೆ ಬೆಲ್ಟಿನ ಮೇಲೆ ಭಾರ ಬಿದ್ದಾಗ ಜಾಸ್ತಿ ಕೇಳುತ್ತದೆ. ಅದು ಬೆಲ್ಟ್ ಜಾರುತ್ತಿರುವ ಸದ್ದು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋತಿರಬಹುದು, ಬೆಲ್ಟ್ ಸವೆದಿರಬಹುದು, ಮೇಲೆ ಎಣ್ಣೆ ಬಿದ್ದಿರಬಹುದು, ಇಲ್ಲವೇ ಯಾವುದೋ ಪುಲ್ಲಿ ಬಿಗಿಯಾಗಿ ತಿರುಗುತ್ತಿರಬಹುದು. ಇವೆರಡೂ ಅಲ್ಲದ ಮೂರನೆಯ ಸದ್ದೊಂದಿದೆ, ‘ಗುಂಯ್’ ಅಂತ ನರಳುವುದು. ಸ್ಟೀರಿಂಗ್ ತಿರುಗಿಸಿದಾಗ ಏರುತ್ತದೆ. ಅದು ಬೆಲ್ಟಿನದಲ್ಲ, ಪಂಪಿನೊಳಗೆ ಗಾಳಿ ಸೇರಿದೆ ಅಥವಾ ಆಯಿಲ್ ಕಡಿಮೆ ಇದೆ ಅಂತ. ಪುಲ್ಲಿ ಎಷ್ಟು ಸರಿಮಾಡಿದರೂ ಅದು ಹೋಗುವುದಿಲ್ಲ.

ನೀರಿನ ಪರೀಕ್ಷೆ ಮಾಡಿ. ಹೂಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಸಾಕು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಬೆಲ್ಟಿನ ಗೆರೆಗಳಿರುವ ಬದಿಗೆ ಸ್ವಲ್ಪ ನೀರು ಹೊಡೆಯಿರಿ. ಸದ್ದು ತಕ್ಷಣ ನಿಂತು, ನೀರು ಆರುತ್ತಿದ್ದ ಹಾಗೆ ಮತ್ತೆ ಬಂದರೆ ಸಾಲು ತಪ್ಪಿದೆ ಅಂತ ಅರ್ಥ. ನೀರು ಬಿದ್ದ ಕೂಡಲೇ ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಟೆನ್ಷನ್ ನೋಡಬೇಕು. ಏನೂ ಬದಲಾಗದಿದ್ದರೆ ಬೇರಿಂಗ್ ಕಡೆ ಕಿವಿ ಕೊಡಿ. ಈ ಪರೀಕ್ಷೆ ಮಾಡುವಾಗ ಒಂದು ಎಚ್ಚರ: 2004ರ ಈ ಎಂಜಿನ್‌ನಲ್ಲಿ ಫ್ಯಾನ್ ವಾಟರ್ ಪಂಪಿನ ಮುಂದೆಯೇ ಕೂತಿರುತ್ತದೆ, ಎಂಜಿನ್ ಜೊತೆಗೇ ತಿರುಗುತ್ತದೆ. ತೋಳಿನ ಬಟ್ಟೆ, ಕುತ್ತಿಗೆಯ ಸರ, ಕೈಯ ದಾರ, ಉದ್ದ ಕೂದಲು ಯಾವುದೂ ಅದರ ಹತ್ತಿರ ಹೋಗಬಾರದು.

ಬೆಲ್ಟಿಗೆ ಹೊಡೆಯುವ ಸ್ಪ್ರೇ ಅಂತ ಅಂಗಡಿಯಲ್ಲಿ ಸಿಗುತ್ತದೆ, ಸದ್ದು ನಿಲ್ಲಿಸುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ತೆಗೆದುಕೊಳ್ಳಬೇಡಿ. ಸ್ವಲ್ಪ ದಿನ ಸದ್ದು ಮುಚ್ಚುತ್ತದೆ, ಆಮೇಲೆ ಧೂಳೆಲ್ಲ ಅಂಟಿಕೊಂಡು ಮೊದಲಿಗಿಂತ ಕೆಡುತ್ತದೆ.

ಹೊಸ ಬೆಲ್ಟ್ ಸ್ವಲ್ಪ ದಿನ ಯಾಕೆ ಸುಮ್ಮನಿತ್ತು ಅಂತ ನಿಮಗೆ ಅನಿಸಿರಬೇಕು. ನಿಮ್ಮ ಬೆಲ್ಟ್ ಆರು ಗೆರೆಯದು. ಗೆರೆಯಿಂದ ಗೆರೆಗೆ 3.56 ಮಿ.ಮೀ. ದೂರ, ಒಟ್ಟು ಅಗಲ ಸುಮಾರು 21 ಮಿ.ಮೀ. ಒಂದು ಪುಲ್ಲಿ 2 ಮಿ.ಮೀ. ಮುಂದಿದ್ದರೆ ಅರ್ಧ ಗೆರೆಗಿಂತ ಜಾಸ್ತಿ ತಪ್ಪಿತು. ಬೆಲ್ಟ್ ಆ ಪುಲ್ಲಿಗೆ ನೇರವಾಗಿ ಇಳಿಯುವುದಿಲ್ಲ. ಓರೆಯಾಗಿ ಬಂದು, ಗೆರೆಯ ಒಂದು ಗೋಡೆಗೆ ತಾಗಿ, ಉಜ್ಜಿಕೊಂಡು ಒಳಗೆ ಕೂರುತ್ತದೆ. ಆ ಉಜ್ಜುವಿಕೆಯೇ ‘ಚಿಂವ್’. ಹೊಸ ರಬ್ಬರಿನ ಮೈ ಇದನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ಓಡಿ ಓಡಿ ಆ ಗೋಡೆ ನುಣ್ಣಗಾದ ಮೇಲೆ ಕೂಗು ಶುರು. ಗ್ಯಾರೇಜಿನವರು ಬೆಲ್ಟ್ ಹಾಕಿ ಐದು ನಿಮಿಷ ಓಡಿಸಿ ಕೇಳಿದರೆ ಏನೂ ಇರುವುದಿಲ್ಲ. ಅವರಿಗೂ ಸಮಾಧಾನ, ನಿಮಗೂ ಸಮಾಧಾನ.

ಎಷ್ಟು ತಪ್ಪಿದರೆ ಸದ್ದು ಬರುತ್ತದೆ? ಬೆಲ್ಟ್ ಓಡುವ ದಾರಿ ಸುಮಾರು ಒಂದು ಡಿಗ್ರಿ ಓರೆಯಾದರೆ ಕೂಗಲು ಸಾಕು. ಎರಡು ಪುಲ್ಲಿಗಳ ನಡುವೆ ಬೆಲ್ಟ್ 10 ಸೆಂ.ಮೀ. ಇದ್ದರೆ ಒಂದು ಡಿಗ್ರಿ ಅಂದರೆ ಬರೀ 1.75 ಮಿ.ಮೀ. ಅದೇ 30 ಸೆಂ.ಮೀ. ಇದ್ದರೆ 5 ಮಿ.ಮೀ. ದಾಟಬೇಕು. ಹತ್ತಿರ ಹತ್ತಿರ ಇರುವ ಪುಲ್ಲಿಗಳಲ್ಲಿ ಸಣ್ಣ ತಪ್ಪೂ ಕೂಗುವುದು ಇದಕ್ಕೇ. ಕಣ್ಣಿಗೆ ‘ಸರಿಯಾಗೇ ಇದೆಯಲ್ಲ’ ಅನ್ನಿಸುವ ಪುಲ್ಲಿಯೂ ತಪ್ಪಿರಬಹುದು.

ಇನ್ನು ಇದು ಯಾವ ಬೆಲ್ಟ್ ಅಂತ ಖಚಿತ ಮಾಡಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಬೆಲ್ಟ್ ಎರಡಿವೆ. ಆಲ್ಟರ್ನೇಟರ್, ವಾಟರ್ ಪಂಪ್, ಸ್ಟೀರಿಂಗ್ ಪಂಪಿಗೆಲ್ಲ ಸೇರಿ ಒಂದು ಉದ್ದನೆಯದು, ಏಸಿ ಕಂಪ್ರೆಸರಿಗೆ ಬೇರೆ ಒಂದು ಚಿಕ್ಕದು. ಏಸಿ ಆಫ್ ಮಾಡಿದರೂ ಆ ಚಿಕ್ಕ ಬೆಲ್ಟ್ ತಿರುಗುತ್ತಲೇ ಇರುತ್ತದೆ, ಕೂಗು ಅದರದ್ದೂ ಆಗಿರಬಹುದು. ಉದ್ದನೆಯದನ್ನು ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ಅರ್ಧ ನಿಮಿಷದೊಳಗೆ ಆಫ್ ಮಾಡಿ. ವಾಟರ್ ಪಂಪ್ ತಿರುಗುವುದಿಲ್ಲ, ಜಾಸ್ತಿ ಹೊತ್ತು ಓಡಿಸಬಾರದು. ಬ್ಯಾಟರಿ ದೀಪ ಉರಿಯುತ್ತದೆ, ಗಾಬರಿ ಬೇಡ. ಸದ್ದು ಇನ್ನೂ ಇದ್ದರೆ ಸ್ಟೀರಿಂಗ್ ಪಂಪನ್ನು ಬಿಟ್ಟುಬಿಡಿ, ಏಸಿ ಬೆಲ್ಟಿನ ಕಡೆ ನೋಡಿ. ಸದ್ದು ಹೋಗಿದ್ದರೆ ಉದ್ದನೆಯ ಬೆಲ್ಟಿನ ದಾರಿಯಲ್ಲೇ ಎಲ್ಲೋ ಇದೆ.

ಬೆಲ್ಟ್ ಕೈಯಲ್ಲಿರುವಾಗ ಅದನ್ನೇ ಓದಿ. ಗೆರೆಗಳ ಒಂದೇ ಬದಿ ಮಿಂಚುತ್ತಿದೆಯಾ? ಅಂಚಿನಲ್ಲಿ ನೂಲು ಎದ್ದಿದೆಯಾ? ಹಾಗಿದ್ದರೆ ಬೆಲ್ಟ್ ಒಂದು ಕಡೆಗೆ ಎಳೆಯಲ್ಪಡುತ್ತಿದೆ. ಆಮೇಲೆ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ. ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವ ಪುಲ್ಲಿ), ಟೆನ್ಷನರ್ ಪುಲ್ಲಿಗಳು ಸದ್ದಿಲ್ಲದೆ ತಿರುಗಬೇಕು, ಕರಕರ ಅನ್ನಬಾರದು. ಟೆನ್ಷನರಿನ ತೋಳನ್ನು ಹಿಡಿದು ಅಲುಗಿಸಿ. ಅದು ಪಕ್ಕಕ್ಕೆ ಓಲಾಡಿದರೆ ಅದೂ ಸಾಲು ತಪ್ಪಿಸುತ್ತದೆ. ಕ್ರ್ಯಾಂಕಿನ ಮುಂದಿರುವ ದೊಡ್ಡ ಪುಲ್ಲಿಯನ್ನು ಮರೆಯಬೇಡಿ. ಅದರ ಮಧ್ಯೆ ರಬ್ಬರ್ ಪಟ್ಟಿ ಇದೆ. ಇಪ್ಪತ್ತು ವರ್ಷದ ಗಾಡಿಯಲ್ಲಿ ಆ ರಬ್ಬರ್ ಬಿಟ್ಟುಕೊಂಡು ಪುಲ್ಲಿ ಓಲಾಡುವುದು ಅಪರೂಪವೇನಲ್ಲ. ಬೆಲ್ಟ್ ಹಾಕಿ ಐಡಲ್‌ನಲ್ಲಿ ಓಡಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಓಲಾಟ ಕಾಣುತ್ತದೆ. ಸ್ಟೀರಿಂಗ್ ಪಂಪಿನ ಪುಲ್ಲಿಯೇ ಓಲಾಡುತ್ತಿದ್ದರೆ ಅದು ಬಗ್ಗಿದೆ, ಒತ್ತಿ ಪ್ರಯೋಜನವಿಲ್ಲ, ಹೊಸದೇ ಬೇಕು. ಪಂಪ್ ಬದಲಾಯಿಸುವಾಗ ಯಾರೋ ಅಂಚಿಗೆ ಪುಲ್ಲರ್ (ಪುಲ್ಲಿ ಎಳೆದು ತೆಗೆಯುವ ಟೂಲ್) ಹಾಕಿ ಎಳೆದಿದ್ದರೆ ಹೀಗಾಗುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕಬೇಡಿ. ಪಂಪ್ ಬಿಚ್ಚುವಾಗ ಸ್ಟೀರಿಂಗ್ ಆಯಿಲ್ ಚೆಲ್ಲುವುದು ಸಹಜ. ಅದು ಪುಲ್ಲಿಗಳ ಗೆರೆಯಲ್ಲಿ ಉಳಿದಿದ್ದರೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಅದಕ್ಕೆ ಹತ್ತುತ್ತದೆ. ಬೆಲ್ಟ್ ತೆಗೆದಾಗ ಒಂದು ಹಳೆಯ ಟೂತ್‌ಬ್ರಶ್, ಸೋಪಿನ ನೀರು ತೆಗೆದುಕೊಂಡು ಎಲ್ಲ ಗೆರೆಗಳನ್ನೂ ಉಜ್ಜಿ ಒಣಗಿಸಿ. ಇದಕ್ಕೆ ಹತ್ತು ನಿಮಿಷ ಸಾಕು, ಖರ್ಚೂ ಇಲ್ಲ.

ನಟ್ಟಿಲ್ಲದ ಪುಲ್ಲಿ ಹೇಗೆ ನಿಂತಿದೆ?

ನಿಮ್ಮ ಪಂಪ್ ಸ್ಯಾಗಿನಾ ಜಾತಿಯದು. ಸ್ಯಾಗಿನಾ ಮಿಶಿಗನ್ ರಾಜ್ಯದ ಒಂದು ಊರು, ಜನರಲ್ ಮೋಟಾರ್ಸಿನ ಸ್ಟೀರಿಂಗ್ ವಿಭಾಗ ಅಲ್ಲೇ ಇತ್ತು. ಅದೇ ಈಗ ನೆಕ್ಸ್‌ಟೀರ್ ಅನ್ನುವ ಬೇರೆ ಕಂಪನಿ, ಬೆಂಗಳೂರಿನಲ್ಲೂ ಇದೆ. ಈ ಪಂಪುಗಳಲ್ಲಿ ಪುಲ್ಲಿಯ ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು. ಬಲವಾಗಿ ಒತ್ತಿ ಕೂರಿಸುತ್ತಾರೆ, ಆ ಬಿಗಿಯೇ ಅದನ್ನು ಹಿಡಿದಿರುತ್ತದೆ. ಕೈಗೆ ಬಿಗಿಯಾದ ಬಳೆ ಏರಿಸಿದ ಹಾಗೆ. ಶಾಫ್ಟಿನಲ್ಲಿ ‘ಇಲ್ಲಿಗೆ ನಿಲ್ಲು’ ಅನ್ನುವ ಮೆಟ್ಟಿಲು ಇಲ್ಲ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕೂರಿಸುವವರ ಕೈಯಲ್ಲಿದೆ. ಹೊಸ ಪಂಪ್ ಸಾಮಾನ್ಯವಾಗಿ ಪುಲ್ಲಿ ಇಲ್ಲದೆ ಬರುತ್ತದೆ, ಹಳೆಯದರಿಂದ ತೆಗೆದು ಇದಕ್ಕೆ ಹಾಕಬೇಕು. ನಿಮ್ಮ ಗಾಡಿಯ ತಪ್ಪು ಹುಟ್ಟಿರುವುದು ಬಹುಶಃ ಆ ಗಳಿಗೆಯಲ್ಲಿ.

ಹಾಗಾದರೆ ಸರಿಯಾದ ಜಾಗ ಯಾವುದು? ಪುಲ್ಲಿಯ ಮಧ್ಯದ ಗುಬ್ಬದ ಮುಖ ಮತ್ತು ಶಾಫ್ಟಿನ ತುದಿ ಎರಡೂ ಒಂದೇ ಮಟ್ಟಕ್ಕೆ ಬರಬೇಕು. ಹೆಚ್ಚು ಕಡಿಮೆ 0.25 ಮಿ.ಮೀ. ಒಳಗೆ ಇದ್ದರೆ ಸರಿ. ಇದನ್ನು ನೋಡುವುದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಚಿಕ್ಕ ಸ್ಟೀಲ್ ಸ್ಕೇಲಿನ ಅಂಚನ್ನು ಪುಲ್ಲಿಯ ಮಧ್ಯಕ್ಕೆ ಅಡ್ಡ ಇಡಿ. ಶಾಫ್ಟಿನ ತುದಿ ಒಳಗೆ ಹೂತಿದ್ದರೆ ಪುಲ್ಲಿ ಪೂರ್ತಿ ಕೂತಿಲ್ಲ, ಮುಂದಕ್ಕೆ ನಿಂತಿದೆ. ಶಾಫ್ಟ್ ಹೊರಗೆ ಚಾಚಿದ್ದರೆ ಪುಲ್ಲಿ ಜಾಸ್ತಿ ಒಳಗೆ ಹೋಗಿದೆ. ಬೆರಳ ತುದಿಗೂ ಇದು ತಿಳಿಯುತ್ತದೆ, ಆದರೆ ಸ್ಕೇಲನ್ನೇ ನಂಬಿ.

ಮೊದಲನೆಯದಾದರೆ ನಿಮ್ಮ ಅದೃಷ್ಟ. ಕೂರಿಸುವ ಟೂಲ್ ಹಾಕಿ ಮಟ್ಟಕ್ಕೆ ಬರುವವರೆಗೆ ಒಳಗೆ ಒತ್ತಿದರೆ ಮುಗಿಯಿತು. ಎರಡನೆಯದಾದರೆ ಪುಲ್ಲರ್ ಹಾಕಿ ಸ್ವಲ್ಪವೇ ಹೊರಗೆ ಎಳೆದು ಮಟ್ಟಕ್ಕೆ ತನ್ನಿ. ಬಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ, ಸಡಿಲವಾಗಿದ್ದರೆ ಮಾತ್ರ ಪೂರ್ತಿ ಬಿಚ್ಚುವ ಮಾತು. ಮಟ್ಟ ಸರಿಯಾಗೇ ಇದ್ದೂ ಸಾಲು ತಪ್ಪಿದ್ದರೆ ಪಂಪ್ ಬ್ರಾಕೆಟ್ಟಿಗೆ ನೇರವಾಗಿ ಕೂತಿದೆಯಾ, ಬೋಲ್ಟುಗಳು ಬಿಗಿಯಾಗಿವೆಯಾ, ಹಾಕಿರುವ ಪುಲ್ಲಿ ಇದೇ ಎಂಜಿನ್ನಿನದಾ ಅಂತ ನೋಡಬೇಕು.

ಟೂಲ್ ಮತ್ತು ಕೆಲಸ

ಟೂಲ್ ಕೊಳ್ಳಬೇಡಿ. ಆಟೋಜೋನ್, ಒ'ರೈಲಿ ಥರದ ಬಿಡಿಭಾಗದ ಅಂಗಡಿಗಳಲ್ಲಿ ಡೆಪಾಸಿಟ್ ಕಟ್ಟಿದರೆ ಟೂಲ್ ಎರವಲು ಕೊಡುತ್ತಾರೆ, ವಾಪಸ್ ಕೊಟ್ಟಾಗ ಹಣ ಹಿಂದಿರುಗಿಸುತ್ತಾರೆ. ಅಮೆರಿಕದ ಈ ಪದ್ಧತಿ ನನಗೆ ತುಂಬಾ ಇಷ್ಟ. ನಮ್ಮೂರಲ್ಲೂ ಇದ್ದಿದ್ದರೆ ಎಷ್ಟೋ ಪುಲ್ಲಿಗಳು ಸುತ್ತಿಗೆ ಪೆಟ್ಟಿನಿಂದ ಬದುಕುತ್ತಿದ್ದವು. ‘ಪವರ್ ಸ್ಟೀರಿಂಗ್ ಪುಲ್ಲಿ ಪುಲ್ಲರ್ ಮತ್ತು ಇನ್‌ಸ್ಟಾಲರ್ ಕಿಟ್’ ಅಂತ ಕೇಳಿ. ಪೆಟ್ಟಿಗೆ ತೆರೆದು ಅಲ್ಲೇ ನೋಡಿ. ಎರವಲು ಟೂಲುಗಳಲ್ಲಿ ಥ್ರೆಡ್ ಸವೆದಿರುವುದು, ಒಂದು ತುಂಡು ಕಾಣೆಯಾಗಿರುವುದು ಮಾಮೂಲು. ಬೇರಿಂಗ್ ಇರುವ ವಾಷರ್ ಇದೆಯಾ, 3/8 ಇಂಚಿನ ಸ್ಕ್ರೂ ನೆಟ್ಟಗಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬೆಲ್ಟ್ ಓಡುವ ದಾರಿಯ ಚಿತ್ರ ಬಾನೆಟ್ ಕೆಳಗೆ ಸ್ಟಿಕ್ಕರಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ರೇಡಿಯೇಟರ್ ಮತ್ತು ಎಂಜಿನ್ ನಡುವೆ ಕೈ ಆಡುವುದಕ್ಕೆ ಜಾಗ ಕಡಿಮೆ. ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಮರೆಯ ಮೇಲಿನ ಅರ್ಧ ಬಿಚ್ಚಿದರೆ ಆರಾಮಾಗುತ್ತದೆ. ಟೆನ್ಷನರಿಗೆ ಉದ್ದನೆಯ ಹಿಡಿಯ ರಾಟ್ಚೆಟ್ ಹಾಕಿ ತಿರುಗಿಸಿ, ಬೆಲ್ಟನ್ನು ಕೈಗೆ ಸುಲಭವಾಗಿ ಸಿಗುವ ಪುಲ್ಲಿಯಿಂದ ಜಾರಿಸಿ. ಟೆನ್ಷನರಿನ ಸ್ಪ್ರಿಂಗಿಗೆ ಬಲ ಜಾಸ್ತಿ. ರಾಟ್ಚೆಟ್ ಜಾರಿದರೆ ಬೆರಳ ಗಂಟು ಸುಲಿದುಹೋಗುತ್ತದೆ, ಕೈಗವಸು ಹಾಕಿಕೊಳ್ಳಿ. ಸ್ಟೀರಿಂಗ್ ಪಂಪ್ ಡ್ರೈವರ್ ಬದಿಯಲ್ಲಿ, ಆಲ್ಟರ್ನೇಟರಿನ ಕೆಳಗೆ ಇದೆ.

ಮೊದಲು ಒತ್ತಿ ಕೂರಿಸುವ ಕೆಲಸ ಹೇಳುತ್ತೇನೆ, ನಿಮಗೆ ಬೇಕಾಗುವುದು ಇದೇ ಇರಬಹುದು. ಶಾಫ್ಟಿನ ತುದಿಯಲ್ಲಿ ಒಂದು ತೂತಿದೆ, ಒಳಗೆ ಥ್ರೆಡ್ ಇದೆ. 3/8 ಇಂಚು, ಇಂಚಿಗೆ 16 ಎಳೆ. ತೂತಿನೊಳಗೆ ಕಸ ಇದ್ದರೆ ತೆಗೆಯಿರಿ. ಟೂಲಿನ ಸ್ಕ್ರೂ ಮತ್ತು ನಟ್ಟಿನ ಥ್ರೆಡ್ಡಿಗೆ, ಬೇರಿಂಗಿಗೆ ಚೆನ್ನಾಗಿ ಗ್ರೀಸ್ ಹಚ್ಚಿ. ಈಗ ಸ್ಕ್ರೂವನ್ನು ಕೈಯಿಂದಲೇ ತೂತಿಗೆ ಹಾಕಿ, ತಳದವರೆಗೆ ತಿರುಗಿಸಿ. ಇಡೀ ಕೆಲಸದಲ್ಲಿ ಮುಖ್ಯವಾದ ಜಾಗ ಇದು. ಎರಡು ಮೂರು ಸುತ್ತು ಮಾತ್ರ ಹಿಡಿದಿದೆ ಅನ್ನುವಾಗಲೇ ಒತ್ತಲು ಹೊರಟರೆ ಥ್ರೆಡ್ ಕಿತ್ತು ಬರುತ್ತದೆ. ಆಮೇಲೆ ಹೊಸ ಪಂಪೇ ಗತಿ. ಸ್ಕ್ರೂ ಆಳಕ್ಕೆ ಹೋದ ಮೇಲೆ ಅದನ್ನು ಒಂದು ಪಾನದಲ್ಲಿ (ಸ್ಪ್ಯಾನರ್) ಅಲುಗದಂತೆ ಹಿಡಿದು, ದೊಡ್ಡ ನಟ್ಟನ್ನು ಇನ್ನೊಂದು ಪಾನದಲ್ಲಿ ತಿರುಗಿಸಿ. ನಟ್ಟು ಬೇರಿಂಗನ್ನು ಒತ್ತುತ್ತದೆ, ಬೇರಿಂಗ್ ಪುಲ್ಲಿಯನ್ನು ಒತ್ತುತ್ತದೆ, ಪುಲ್ಲಿ ನಿಧಾನವಾಗಿ ಒಳಗೆ ಹೋಗುತ್ತದೆ. ಬಿಗಿ ಒಂದೇ ಸಮನಾಗಿರಬೇಕು. ಇದ್ದಕ್ಕಿದ್ದ ಹಾಗೆ ತೀರಾ ಗಟ್ಟಿಯಾದರೆ ಓರೆಯಾಗಿ ಹೋಗುತ್ತಿರಬಹುದು. ನಿಲ್ಲಿಸಿ, ಬಿಚ್ಚಿ, ನೋಡಿ.

ಮಟ್ಟ ಹತ್ತಿರ ಬಂದ ಹಾಗೆ ಕಾಲು ಕಾಲು ಸುತ್ತು ಮಾತ್ರ ತಿರುಗಿಸಿ. ಪ್ರತಿ ಸಲ ಟೂಲ್ ತೆಗೆದು ಸ್ಕೇಲ್ ಇಟ್ಟು ನೋಡುವುದು ಬೇಜಾರಿನ ಕೆಲಸ, ಆದರೂ ಮಾಡಿ. ಜಾಸ್ತಿ ಒಳಗೆ ಹೋದರೆ ಮತ್ತೆ ಪುಲ್ಲರ್ ಹಾಕಿ ಎಳೆಯಬೇಕಾಗುತ್ತದೆ. ಇಂಪ್ಯಾಕ್ಟ್ ಗನ್ ಬಳಸಬೇಡಿ. ಬೇಗ ಆಗುತ್ತದೆ ನಿಜ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಗೊತ್ತಾಗುವುದಿಲ್ಲ.

ಈಗ ಬಿಚ್ಚುವುದು. ಪುಲ್ಲಿಯ ಗುಬ್ಬದ ಸುತ್ತ ಒಂದು ಕಾಲುವೆಯಂತಹ ತೋಡು ಕೊರೆದಿರುತ್ತದೆ. ಪುಲ್ಲರಿನ ಎರಡು ಅರ್ಧಚಂದ್ರದ ತುಂಡುಗಳು ಆ ತೋಡಿಗೆ ಕೂರುತ್ತವೆ. ಅವು ಬಿಚ್ಚಿಕೊಳ್ಳದಂತೆ ಮೇಲಿನಿಂದ ಒಂದು ಉಂಗುರ ಜಾರಿಸಬೇಕು. ಆಮೇಲೆ ಮಧ್ಯದ ಸ್ಕ್ರೂ ಬಿಗಿ ಮಾಡುತ್ತಾ ಹೋದರೆ ಅದು ಶಾಫ್ಟಿನ ತುದಿಯನ್ನು ಒತ್ತಿ ಪುಲ್ಲಿಯನ್ನು ಹೊರಗೆ ಎಳೆಯುತ್ತದೆ. ಪುಲ್ಲರಿನ ಮೈಯನ್ನು ಒಂದು ಪಾನದಲ್ಲಿ ಹಿಡಿದುಕೊಂಡಿರಿ, ಇಲ್ಲದಿದ್ದರೆ ಪುಲ್ಲಿಯೂ ಜೊತೆಗೆ ತಿರುಗುತ್ತದೆ. ಶುರುವಿನಲ್ಲಿ ಒಂದು ‘ಟಕ್’ ಶಬ್ದ ಬಂದು ಬಿಟ್ಟುಕೊಳ್ಳುತ್ತದೆ, ಹೆದರಬೇಡಿ. ಅರ್ಧಚಂದ್ರಗಳು ತೋಡಿನೊಳಗೆ ಪೂರ್ತಿ ಕೂತಿಲ್ಲದಿದ್ದರೆ ಮಾತ್ರ ಅಂಚು ಮುರಿಯುತ್ತದೆ. ಹಾಗಾಗಿ ತೋಡಿನ ಕೊಳೆಯನ್ನು ಮೊದಲೇ ಕೆರೆದು ತೆಗೆಯಿರಿ.

ಮೂರು ಕಾಲಿನ ಮಾಮೂಲಿ ಪುಲ್ಲರ್ ತಂದು ಪುಲ್ಲಿಯ ಹೊರ ಅಂಚಿಗೆ ಸಿಕ್ಕಿಸಬೇಡಿ. ಅಂಚು ತೆಳು ತಗಡು, ಖಂಡಿತ ಬಗ್ಗುತ್ತದೆ. ಪ್ಲಾಸ್ಟಿಕ್ ಪುಲ್ಲಿಯಾದರೆ ಮುರಿಯುತ್ತದೆ. ಬೆಂಕಿ ತೋರಿಸಿ ಸಡಿಲ ಮಾಡುವುದೂ ಬೇಡ, ಪಂಪಿನ ಆಯಿಲ್ ಸೀಲ್ ಹಿಂದೆಯೇ ಇದೆ. ಸುತ್ತಿಗೆ ಯಾಕೆ ಬೇಡ ಅಂದೆನಲ್ಲ, ಕಾರಣ ಇದು: ಪುಲ್ಲಿಯ ಮೇಲೆ ಬಿದ್ದ ಪೆಟ್ಟು ಶಾಫ್ಟಿನ ಮೂಲಕ ನೇರ ಪಂಪಿನ ಹೊಟ್ಟೆಗೆ ಹೋಗುತ್ತದೆ. ಒಳಗೆ ರೋಟರ್, ತೆಳ್ಳನೆಯ ವೇನ್‌ಗಳು, ನುಣ್ಣಗೆ ಉಜ್ಜಿದ ಪ್ಲೇಟುಗಳು ಕೂದಲೆಳೆಯ ಅಂತರದಲ್ಲಿ ಕೂತಿವೆ. ಪೆಟ್ಟಿಗೆ ಅವು ಜಾಗ ಬಿಟ್ಟರೆ ಪಂಪ್ ಅವತ್ತು ಸರಿಯಾಗೇ ಓಡಬಹುದು, ಸ್ವಲ್ಪ ದಿನಕ್ಕೆ ನರಳಲು ಶುರು ಮಾಡುತ್ತದೆ.

ಪುಲ್ಲಿ ಹೊರಗೆ ಬಂದ ಮೇಲೆ ಶಾಫ್ಟನ್ನೂ ತೂತಿನ ಒಳಮೈಯನ್ನೂ ನೋಡಿ. ಸಣ್ಣ ಗೀರು, ತುಕ್ಕು ಇದ್ದರೆ ನುಣುಪಾದ ಎಮರಿ ಕಾಗದದಿಂದ ಮೃದುವಾಗಿ ಉಜ್ಜಿ, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ. ಎಮರಿಯಲ್ಲಿ ಉಜ್ಜಿ ಉಜ್ಜಿ ಶಾಫ್ಟನ್ನೇ ಸಣ್ಣ ಮಾಡಬೇಡಿ. ಹಳೆಯ ಪುಲ್ಲಿಯನ್ನೇ ಹಾಕಬಹುದಾ? ಸ್ಟೀಲಿನದಾಗಿದ್ದು, ನೆಟ್ಟಗಿದ್ದು, ವಾಪಸ್ ಹೋಗುವಾಗ ಮೊದಲಿನಷ್ಟೇ ಬಿಗಿಯಾಗಿ ಹೋದರೆ ಹಾಕಬಹುದು. ಕೈಯಿಂದ ತಳ್ಳಿದರೆ ಅರ್ಧ ಹೋಯಿತು ಅಂದರೆ ಅದನ್ನು ಮತ್ತೆ ಬಳಸಬೇಡಿ. ಓಡುತ್ತಾ ಓಡುತ್ತಾ ಅದು ಮುಂದಕ್ಕೆ ನಡೆದು ಬರುತ್ತದೆ. ಒಂದು ದಿನ ಹೈವೇಯಲ್ಲಿ ಬೆಲ್ಟ್ ಹಾರಿಹೋಗುತ್ತದೆ. ಸ್ಟೀರಿಂಗ್ ಕಲ್ಲಾಗುತ್ತದೆ, ಆಲ್ಟರ್ನೇಟರ್ ನಿಲ್ಲುತ್ತದೆ, ವಾಟರ್ ಪಂಪ್ ನಿಂತು ಎಂಜಿನ್ ಕಾಯುತ್ತದೆ. ನಿಮ್ಮ ಪುಲ್ಲಿ ಈಗಾಗಲೇ ಒಂದು ಸಲ ಒಂದು ಪಂಪಿನಿಂದ ಇನ್ನೊಂದಕ್ಕೆ ಹೋಗಿದೆ. ಪೂರ್ತಿ ಬಿಚ್ಚುವ ಹಾಗಾದರೆ ನನ್ನ ಸಲಹೆ ಹೊಸ ಪುಲ್ಲಿಯೇ. ಪ್ಲಾಸ್ಟಿಕ್ಕಿನದಾದರೆ ಎರಡನೇ ಯೋಚನೆಯೇ ಬೇಡ.

ಬೆಲ್ಟ್ ಹಾಕುವಾಗ ಪ್ರತಿ ಪುಲ್ಲಿಯಲ್ಲೂ ಆರೂ ಗೆರೆ ಆರೂ ತೋಡಿಗೆ ಕೂತಿವೆಯಾ ಅಂತ ಬೆರಳಿಟ್ಟು ನೋಡಿ. ಒಂದು ಗೆರೆ ಹೊರಗೆ ಬಿದ್ದರೂ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಈಗಿರುವ ಬೆಲ್ಟ್ ಓರೆಯಾಗಿ ಸವೆದಿದ್ದರೆ ಪುಲ್ಲಿ ಸರಿಯಾದ ಮೇಲೂ ಸ್ವಲ್ಪ ಕೂಗಬಹುದು. ಅದನ್ನು ಕೇಳಿ ‘ಇದೂ ಸರಿಹೋಗಲಿಲ್ಲ’ ಅಂತ ಎಲ್ಲ ಬಿಚ್ಚಲು ಹೋಗಬೇಡಿ. ಮೂರನೆಯ ಬೆಲ್ಟಿನ ಖರ್ಚು ಈ ಸಲ ದಂಡ ಅಲ್ಲ. ಹೊಸದು ಹಾಕಿ, ಒಂದೆರಡು ವಾರ ಬಿಟ್ಟು ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಬರೀ ಪುಲ್ಲಿ ಸರಿಸಿದ್ದರೆ ಆಯಿಲ್ ಪೈಪುಗಳನ್ನು ನೀವು ಮುಟ್ಟಿರುವುದಿಲ್ಲ, ಗಾಳಿ ತೆಗೆಯುವ ಕೆಲಸ ಇಲ್ಲ. ಆದರೂ ಮುಚ್ಚಳ ತೆಗೆದು ಆಯಿಲ್ ನೋಡಿ. ನೊರೆ ಇದ್ದರೆ ಪಂಪ್ ಹಾಕಿದಾಗಲೇ ಗಾಳಿ ಉಳಿದಿದೆ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಿ. ನಡುನಡುವೆ ಆಯಿಲ್ ಮಟ್ಟ ನೋಡಿ. ಯಾವ ಆಯಿಲ್ ಅಂತ ಮುಚ್ಚಳದ ಮೇಲೆ, ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿ. ಎಂಜಿನ್ ಓಡುವಾಗ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿದಿಡಬೇಡಿ. ಪಂಪಿನ ಒತ್ತಡ ಆಗ ಗರಿಷ್ಠಕ್ಕೆ ಏರಿ ಆಯಿಲ್ ಕಾಯುತ್ತದೆ.

ಇದನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೂ ಎರಡು ಮಾತು. ಈಗಿನ ಸ್ವಿಫ್ಟ್, ವ್ಯಾಗನ್ ಆರ್ ಥರದ ಸಣ್ಣ ಕಾರುಗಳಲ್ಲಿ ಸ್ಟೀರಿಂಗಿಗೆ ಕರೆಂಟ್ ಮೋಟಾರ್ ಇದೆ. ಪಂಪೂ ಇಲ್ಲ, ಪುಲ್ಲಿಯೂ ಇಲ್ಲ. ಅಂಥ ಕಾರಿನಲ್ಲಿ ಬೆಲ್ಟ್ ಕೂಗಿದರೆ ಆಲ್ಟರ್ನೇಟರ್, ಏಸಿ, ವಾಟರ್ ಪಂಪ್ ಕಡೆ ನೋಡಿ. ಇನ್ನೋವಾ ಕ್ರಿಸ್ಟಾ, ಬೊಲೆರೊಗಳಲ್ಲಿ ಹೈಡ್ರಾಲಿಕ್ ಪಂಪ್ ಇದೆ. ಎಷ್ಟೋ ಪಂಪುಗಳಲ್ಲಿ, ಅದರಲ್ಲೂ ಜಪಾನಿನವುಗಳಲ್ಲಿ, ಪುಲ್ಲಿಯ ಮಧ್ಯೆ ಒಂದು ನಟ್ಟು ಇರುತ್ತದೆ. ನಟ್ಟು ಇದ್ದರೆ ಮೇಲೆ ಹೇಳಿದ ಒತ್ತುವ ಟೂಲ್ ಬೇಡ. ಪುಲ್ಲಿಯನ್ನು ತಿರುಗದಂತೆ ಹಿಡಿದು ನಟ್ಟು ಬಿಚ್ಚಬೇಕು. ಶಾಫ್ಟಿನ ಮೇಲೆ ಅರ್ಧಚಂದ್ರದ ಆಕಾರದ, ಕೀ ಅನ್ನುವ ಸಣ್ಣ ಲೋಹದ ತುಂಡು ಇದ್ದರೆ ಅದು ಉರುಳಿ ಚೇಸಿಸ್ ಸಂದಿಗೆ ಬೀಳದಂತೆ ಕೆಳಗೊಂದು ಬಟ್ಟೆ ಹಾಸಿಕೊಳ್ಳಿ. ಇಂಥ ಪುಲ್ಲಿ ಎಲ್ಲಿಗೆ ನಿಲ್ಲಬೇಕು ಅಂತ ಶಾಫ್ಟೇ ತೀರ್ಮಾನ ಮಾಡುತ್ತದೆ, ಹಾಗಾಗಿ ಸಾಲು ತಪ್ಪಿದ್ದರೆ ಬ್ರಾಕೆಟ್ಟನ್ನೋ ಬಗ್ಗಿದ ಪುಲ್ಲಿಯನ್ನೋ ಹುಡುಕಿ. ಹಳೆಯ ಗಾಡಿಗಳಲ್ಲಿ ಟೆನ್ಷನರ್ ಇರುವುದಿಲ್ಲ, ಪಂಪನ್ನೇ ಸರಿಸಿ ಬೆಲ್ಟ್ ಬಿಗಿ ಮಾಡುತ್ತಾರೆ. ಸದ್ದು ನಿಲ್ಲಲಿ ಅಂತ ರಾಡ್ ಹಾಕಿ ಮೀಟಿ ತೀರಾ ಬಿಗಿ ಮಾಡಿದರೆ ಪಂಪಿನ ಬೇರಿಂಗ್, ಸೀಲ್ ಎರಡೂ ಬೇಗ ಹೋಗುತ್ತವೆ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಗ್ಯಾರೇಜಿನವರು ಪಂಪ್ ಕೆಲಸಕ್ಕೆ ವಾರಂಟಿ ಕೊಟ್ಟಿದ್ದರೆ, ನೀವು ಕೈ ಹಾಕುವ ಮುಂಚೆ ಸ್ಕೇಲ್ ಇಟ್ಟು ಪುಲ್ಲಿಯ ಫೋಟೊ ತೆಗೆದು ಅವರಿಗೆ ತೋರಿಸಿ. ಶಾಫ್ಟ್ ಎಷ್ಟು ಒಳಗಿದೆ ಅಂತ ಫೋಟೊದಲ್ಲಿ ಕಂಡರೆ ವಾದಕ್ಕೆ ಜಾಗವಿಲ್ಲ. ಸರಿಯಾದ ಟೂಲ್ ಇರುವ ಮೆಕ್ಯಾನಿಕ್ಕಿಗೆ ಇದು ದೊಡ್ಡ ಕೆಲಸವೇ ಅಲ್ಲ, ದುಡ್ಡು ಕೇಳದೆ ಮಾಡಿಕೊಡಬೇಕಾದ್ದು ನ್ಯಾಯ. ನೀವು ಬಿಚ್ಚಿ ಹಾಕಿದ ಮೇಲೆ ಹೋದರೆ ಮಾತ್ರ ‘ಇದು ನಾವು ಹಾಕಿದ್ದಲ್ಲ’ ಅಂದುಬಿಡುತ್ತಾರೆ.